ತೋರಣದ ಮೊಳೆ

ಕಳೆದ ವಾರ ಅಳಿಯನ ತಂಗಿಯ ಮದುವೆಗೆಂದು ಠಾಣೆ ಊರಿನ ಆ ಹಳೇ ಇಗರ್ಜಿಗೆ, ಅಂದರೆ ಚರ್ಚಿಗೆ, ಹೋಗಿದ್ದೆವು. ಬಾಗಿಲು ದಾಟಿದ ಕೂಡಲೇ ಮೂಗಿಗೆ ಬಡಿದದ್ದು ಹೂವಿನ ಪರಿಮಳವಲ್ಲ, ಮೇಣದ ಬತ್ತಿಯದ್ದೂ ಅಲ್ಲ. ಹಸಿ ಸುಣ್ಣ ಮತ್ತು ಹಳೇ ಸಾಗುವಾನಿ ಮರದ ವಾಸನೆ. ಮೊದಲ ಮಳೆ ಬಿದ್ದ ಮೇಲೆ ಆ ಗೋಡೆಗಳು ಹಾಗೇ ಉಸಿರು ಬಿಡುತ್ತವೆ. ಕೆಲವು ವರ್ಷಗಳ ಹಿಂದೆ ಒಂದಿಡೀ ಮೇ, ಜೂನ್ ಇದೇ ವಾಸನೆ ನಮ್ಮವರ ಅಂಗಿಗೆ ಅಂಟಿಕೊಂಡು ಮನೆಗೆ ಬರುತ್ತಿತ್ತು. ಎಷ್ಟು ಒಗೆದರೂ ಹೋಗುತ್ತಿರಲಿಲ್ಲ.

ನಮ್ಮವರು ಎಂದರೆ ನನ್ನ ಗಂಡ. ಪರಿಚಯದವರು ರಾಯರು ಎನ್ನುತ್ತಾರೆ. ನಾವು ಉಡುಪಿ ಕಡೆಯವರು, ಇಲ್ಲಿ ಮರಾಠಿ ಸೀಮೆಯಲ್ಲಿ, ಠಾಣೆಯ ಹತ್ತಿರದ ಠಾಕುರ್ಲಿಯಲ್ಲಿ ಸಂಸಾರ ಹೂಡಿ ತಲೆ ನರೆಸಿಕೊಂಡವರು. ಇವರು ಹಳೇ ಕಟ್ಟಡಗಳನ್ನು ತಟ್ಟಿ, ಕೊರೆದು, ಇದು ನಿಲ್ಲುತ್ತದೆ, ಇದು ಬೀಳುತ್ತದೆ ಎಂದು ಬರೆದುಕೊಡುವ ಇಂಜಿನಿಯರ್. ಯಾರ ಮನೆಗೆ ಊಟಕ್ಕೆ ಕರೆದರೂ ಮೊದಲು ನೋಡುವುದು ಬೀಮನ್ನು, ಪಾಯಸ ಆಮೇಲೆ. ಈ ಚಾಳಿಯಿಂದ ನೆಂಟರ ಮುಂದೆ ನಾನು ಎಷ್ಟು ಸಲ ನಾಚಿದ್ದೇನೋ ಲೆಕ್ಕವಿಲ್ಲ.

ಆ ವರ್ಷ ಸಂಕ್ರಾಂತಿಯ ಎಳ್ಳುಬೆಲ್ಲದ ತಟ್ಟೆ ಕೈಯಲ್ಲಿರುವಾಗಲೇ ಮಗಳು ಸ್ಮಿತಾ ವಿಷಯ ಹೇಳಿದಳು. ಹುಡುಗ ಎಲ್‌ರಾಯ್, ಹಡಗಿನಲ್ಲಿ ಕೆಲಸ. ಠಾಣೆಯ ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಹತ್ತಿರದ ಹಳೇ ಊರಿನ ಕ್ರಿಶ್ಚಿಯನ್ನರು, ಮನೆಮಾತು ಮರಾಠಿ. ಮತಾಂತರ ಬೇಡ ಎಂದು ಅವರೇ ಹೇಳಿದ್ದರು. ಬಿಷಪ್ಪರ ಅನುಮತಿಯೂ ಸಿಗುತ್ತದಂತೆ. ಒಂದೇ ಆಸೆ, ಮದುವೆ ಆ ಊರಿನ ಇಗರ್ಜಿಯಲ್ಲೇ ಆಗಬೇಕು. ಎಲ್‌ರಾಯ್‌ನ ಅಜ್ಜನ ಅಜ್ಜನಿಂದ ಹಿಡಿದು ಎಲ್ಲರ ಮದುವೆಯೂ ಅಲ್ಲಿಯೇ ಆದದ್ದು.

"ರಿಜಿಸ್ಟರ್ ಮಾಡಿಕೊಳ್ಳಲಿ, ಬರ್ತೇನೆ. ಹಾಲ್‌ನಲ್ಲಿ ಊಟ ಹಾಕಲಿ, ಬರ್ತೇನೆ. ಆ ಬಾಗಿಲು ಮಾತ್ರ ದಾಟುವುದಿಲ್ಲ" ಎಂದರು ಇವರು.

ಅಲ್ಲಿಗೆ ಅಪ್ಪ ಮಗಳ ಮಾತು ನಿಂತಿತು. ಎರಡು ಕೋಣೆಯ ಮನೆಯಲ್ಲಿ ನಾನೇ ಟಪಾಲಿನವಳು. "ಅಮ್ಮಾ, ಪಪ್ಪಾಲಾ ಸಾಂಗ್, ಗೀಸರ್ ಬಂದ್ ಕರ್" ಎಂದು ಅವಳು ಮರಾಠಿಯಲ್ಲಿ ನನಗೆ ಹೇಳುವುದು, ಗೀಸರ್ ಆರಿಸಲು ಅಪ್ಪನಿಗೆ ಹೇಳು ಎಂದು. ಗೋಡೆಯಾಚೆ ಕೂತ ಇವರು ಕೇಳಿಯೂ ಕೇಳದವರ ಹಾಗೆ ನಾನು ಮತ್ತೆ ಹೇಳುವವರೆಗೆ ಕಾಯುವುದು. ನನಗೆ ಇಬ್ಬರ ಮೇಲೂ ಸಿಟ್ಟು ಬರುತ್ತಿತ್ತು. ರಾತ್ರಿ ಹಾಸಿಗೆಗೆ ಬಿದ್ದರೆ ಸಿಟ್ಟು ಹೋಗಿ ಹೆದರಿಕೆ ಬರುತ್ತಿತ್ತು. ಇರುವುದೊಬ್ಬಳೇ ಮಗಳು. ಅಪ್ಪನಿಲ್ಲದೆ ಅವಳ ಮದುವೆ ಆಗಿಹೋದರೆ, ಆಮೇಲೆ ಇವರಿಬ್ಬರನ್ನು ಒಂದೇ ಪಂಕ್ತಿಯಲ್ಲಿ ಕೂರಿಸುವುದು ನನ್ನಿಂದ ಆಗುವ ಮಾತಲ್ಲ.

ಜುಲೈಯಲ್ಲಿ ಎಲ್‌ರಾಯ್ ಹಡಗು ಹತ್ತಬೇಕಿತ್ತು. ಆಟಿ, ಅಂದರೆ ನಮ್ಮ ಕಡೆಯ ಆಷಾಢ, ಹಿಡಿದ ಮೇಲೆ ಮದುವೆ ಬೇಡವೆಂದು ನನ್ನ ಹಟ. ಹಾಗಾಗಿ ಜೂನ್ ಕೊನೆಯ ಶನಿವಾರ ನಿಶ್ಚಯವಾಯಿತು.

ಮೇ ತಿಂಗಳಲ್ಲಿ ಮಹಾನಗರಪಾಲಿಕೆಯವರು ಮಳೆಗೆ ಮೊದಲು ಹಳೇ ಕಟ್ಟಡಗಳಿಗೆ ನೋಟೀಸು ಅಂಟಿಸುತ್ತಾ ಬರುವುದು ಈ ಕಡೆ ಪ್ರತಿವರ್ಷದ ಸಂಗತಿ. ಆ ವರ್ಷ ಇಗರ್ಜಿಯ ಗೋಡೆಗೂ ಒಂದು ಬಿತ್ತು. ಜೂನ್ ಮುಗಿಯುವುದರೊಳಗೆ ಕಟ್ಟಡ ಸುರಕ್ಷಿತ ಎಂದು ಲೈಸೆನ್ಸ್ ಇರುವ ಇಂಜಿನಿಯರ್ ಬರೆದುಕೊಡಬೇಕು, ಇಲ್ಲದಿದ್ದರೆ ಬೀಗ. ಅಲ್ಲಿಯ ಪಾದ್ರಿ ಫಾದರ್ ವಲೇರಿಯನ್ ಕಾರ್ಕಳದ ಕಡೆಯವರು. ನೇರ ಇವರಿಗೇ ಫೋನ್ ಮಾಡಿ ತುಳುವಿನಲ್ಲಿ ಕೇಳಿದರು. ಇವರು "ಆಯಿತು, ಬರ್ತೇನೆ" ಎಂದರು.

ನನ್ನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. "ಬಾಗಿಲು ದಾಟುವುದಿಲ್ಲ ಅಂದದ್ದು ಯಾರು?"

"ಅದು ಮದುವೆಗೆ. ಇದು ಕೆಲಸ."

ಸ್ಮಿತಾಳಿಗೆ ಹೇಳಿದರೆ ಅವಳ ಮುಖ ಬಿಳಿಚಿತು. "ಆತಾ ಬಘ್, ಈಗ ನೋಡು ಅಮ್ಮಾ, ಪಪ್ಪಾ ಚರ್ಚ್ ಫೇಲ್ ಮಾಡ್ತಾರೆ. ಒಂದು ಸಹಿ, ಬಸ್, ಕಾಮ್ ಖತಮ್."

ಛೆ, ಹಾಗೆ ಹೇಳಬಾರದು ಎಂದು ಗದರಿದೆ. ಆದರೆ ನನ್ನ ತಲೆಯಲ್ಲೂ ಅದೇ ಓಡುತ್ತಿತ್ತು. ಮರುದಿನ ನಾನೂ ಸೀರೆ ಉಟ್ಟು ಇವರ ಬೆನ್ನಿಗೆ ಹೊರಟೆ.

ಹೊರಗಿನಿಂದ ಅದು ದೊಡ್ಡ ಇಗರ್ಜಿಯೇನೂ ಅಲ್ಲ. ಸುತ್ತ ಹದಿನೈದು ಮಹಡಿಯ ಟವರುಗಳು, ನಡುವೆ ಹಂಚಿನ ಮಾಡಿನ ಒಂದು ಬಿಳಿ ಕಟ್ಟಡ. ಒಳಗೆ ಮುಂದಿನ ಬೆಂಚಿನಲ್ಲಿ ಎಲ್‌ರಾಯ್‌ನ ಅಜ್ಜಿ ಕೂತಿದ್ದರು. ಎಲ್ಲರಿಗೂ ಅವರು ಆಜಿ. ಕಚ್ಚೆ ಹಾಕಿ ಉಟ್ಟ ಕೆಂಪು ಚೌಕುಳಿ ಸೀರೆ, ಕೈಯಲ್ಲಿ ಜಪಮಣಿ. ಇವರು ಸುತ್ತಿಗೆ ಹಿಡಿದು ಗೋಡೆ ತಟ್ಟುತ್ತಾ ಹೋದರೆ ಆಜಿ ಕೂತಲ್ಲಿಂದಲೇ ಆ ಗೋಡೆಯ ಕಥೆ ಹೇಳತೊಡಗಿದರು.

ಮೊದಲಿನ ಇಗರ್ಜಿ ಪೋರ್ಚುಗೀಸರ ಕಾಲದ್ದಂತೆ, ಖಾಡಿಯ ದಂಡೆಯಲ್ಲಿತ್ತಂತೆ. ಅದು ಹಾಳುಬಿದ್ದ ಮೇಲೆ ಊರವರು ಅದರ ಕಲ್ಲನ್ನೇ ತಲೆಯ ಮೇಲೆ ಹೊತ್ತು ತಂದು ಇಲ್ಲಿ ಕಟ್ಟಿದರಂತೆ. ಇವರು ಒಂದು ಕಡೆ ಗಾರೆ ಕೆರೆದಾಗ ಹೂಬಳ್ಳಿ ಕೆತ್ತಿದ ಕಲ್ಲೊಂದು ತಲೆಕೆಳಗಾಗಿ ಕೂತದ್ದು ಕಂಡಿತು. ಆಜಿ ಹೇಳಿದ್ದು ಸುಳ್ಳಲ್ಲ. ಸಾಲದ್ದಕ್ಕೆ ಮಾಡಿನಿಂದ ಒಂದು ಹಂಚು ಇಳಿಸಿ ಬೆನ್ನು ಒರೆಸಿ ನೋಡಿದರೆ, ಅದರ ಮೇಲೆ ಮಂಗಳೂರು ಎಂದು ಅಚ್ಚು. ದೋಣಿಯಲ್ಲಿ ಖಾಡಿಯವರೆಗೆ ಬಂದ ಹಂಚಂತೆ. ಇವರು ಅದನ್ನು ನನ್ನ ಕೈಗೆ ಕೊಟ್ಟು, "ನೋಡು, ನಮಗಿಂತ ಮೊದಲು ಇಲ್ಲಿಗೆ ಬಂದದ್ದು" ಎಂದರು. ಎಷ್ಟೋ ತಿಂಗಳ ಮೇಲೆ ಅವರ ಮುಖದಲ್ಲಿ ನಗು ಕಂಡೆ.

ಹಿಂದುಗಡೆ, ಹಾಡುವವರು ನಿಲ್ಲುವ ಮರದ ಅಟ್ಟ. ಅದರ ಮೇಲೆ ಅಡ್ಡಕ್ಕೆ ಹಾದುಹೋದ ದಪ್ಪ ತೊಲೆ. ಆ ತೊಲೆಯ ಎಡ ತುದಿಯ ತುಂಬ ಮೊಳೆಗಳು; ಹೊಸದು, ಹಳೆಯದು, ಕಮ್ಮಾರ ಬಡಿದ ದಪ್ಪ ತಲೆಯದ್ದು, ಅಂಗಡಿಯ ತೆಳ್ಳಗಿನದ್ದು.

"ಅದೆಲ್ಲ ನಮ್ಮ ಮದುವೆಗಳು" ಎಂದರು ಆಜಿ, ಮರಾಠಿಯಲ್ಲಿ. ಮದುವೆಯ ಬೆಳಿಗ್ಗೆ ಹೆಣ್ಣಿನ ಕಡೆಯವರು ಮಾವಿನ ಎಲೆ, ಗಂಡಿನ ಕಡೆಯವರು ಹೂ ತಂದು ಒಂದೇ ತೋರಣ ಕಟ್ಟುತ್ತಾರೆ. ವರನ ಸೋದರಮಾವ ಅಟ್ಟ ಹತ್ತಿ ತೊಲೆಗೆ ಒಂದು ಹೊಸ ಮೊಳೆ ಹೊಡೆದು ಅದನ್ನು ತೂಗಬೇಕು. ಇನ್ನೊಬ್ಬರ ಮೊಳೆಗೆ ತೂಗುವಂತಿಲ್ಲ, ಹೊಡೆದ ಮೊಳೆ ಕೀಳುವಂತಿಲ್ಲ. ಯಾವ ಮನೆಯ ಮೊಳೆ ಯಾವುದು ಎಂದು ಆಜಿಗೆ ಬಾಯಿಪಾಠ. "ತೋ ಖಿಳಾ ಮಾಝಾ" ಎಂದು ಬೆರಳು ತೋರಿಸಿದರು, ಆ ಮೊಳೆ ನನ್ನದು ಎಂದು. ನನಗೆ ಆ ಪದ್ಧತಿ ಬಹಳ ಇಷ್ಟವಾಯಿತು. ನನ್ನ ಮಗಳದ್ದೂ ಒಂದು ಅಲ್ಲಿ ಇರುತ್ತದೆ ಎಂದು ಮನಸ್ಸಿನಲ್ಲೇ ಜಾಗ ಹುಡುಕಿದೆ.

ಇವರು ಅಟ್ಟ ಹತ್ತಿದರು. ಟಕ್ ಟಕ್ ಎಂದು ತಟ್ಟುವ ಶಬ್ದ ತೊಲೆಯ ಉದ್ದಕ್ಕೂ ಬರುತ್ತಾ ಇತ್ತು. ಎಡ ತುದಿಗೆ ಬಂದಾಗ ಶಬ್ದ ಬದಲಾಯಿತು. ಹಣ್ಣಾದ ಕುಂಬಳಕಾಯಿ ತಟ್ಟಿದ ಹಾಗೆ ಬೊದ್ದು ಸದ್ದು. ಆಮೇಲೆ ತಟ್ಟುವುದೇ ನಿಂತಿತು. ಕೆಳಗೆ ಇಳಿದು ಬಂದಾಗ ಇವರ ಹಣೆ ಬೆವರಿತ್ತು. ಫಾದರನ್ನು ಬದಿಗೆ ಕರೆದು, "ಆ ತುದಿ ಒಳಗೆ ಕೊಳೆತು ಲಡ್ಡಾಗಿದೆ. ಬಣ್ಣ ಮಾತ್ರ ಹಿಡಿದುಕೊಂಡಿದೆ. ಜನ ಕೂಡಿಸಲಿಕ್ಕೆ ನಾನು ಬರೆದುಕೊಡಲಾರೆ" ಎಂದರು. ಅಟ್ಟದ ಮೆಟ್ಟಿಲಿಗೆ ಹಗ್ಗ ಕಟ್ಟಿಸಿದರು. ಅದರ ಕೆಳಗಿನ ಬೆಂಚುಗಳಲ್ಲೂ ಯಾರೂ ಕೂರಬಾರದು ಎಂದರು.

ಫಾದರ್ ಇವರನ್ನು ನೋಡಿದ ರೀತಿ ನನಗೆ ಅರ್ಥವಾಯಿತು. ಹುಡುಗಿಯ ಅಪ್ಪ, ಮದುವೆಗೆ ಒಪ್ಪದವನು, ಇಗರ್ಜಿ ಬೀಳುತ್ತದೆ ಎನ್ನುತ್ತಿದ್ದಾನೆ. ಯಾರಾದರೂ ನಂಬುವ ಮಾತೇ? ನಿಜ ಹೇಳಬೇಕೆಂದರೆ ರೈಲಿನಲ್ಲಿ ಮನೆಗೆ ಬರುವಾಗ ಇವರ ಪಕ್ಕ ಕೂತ ನನಗೇ ಪೂರ್ತಿ ನಂಬಿಕೆ ಇರಲಿಲ್ಲ.

ಆ ರಾತ್ರಿ ಸ್ಮಿತಾ ಚಪ್ಪಲಿ ಕೂಡ ಬಿಡದೆ ಒಳಗೆ ಬಂದಳು. ಸುದ್ದಿ ಆಗಲೇ ಎಲ್‌ರಾಯ್ ಮೂಲಕ ಮುಟ್ಟಿತ್ತು. ಸಂಕ್ರಾಂತಿಯ ನಂತರ ಮೊದಲ ಸಲ ಅವಳು ಅಪ್ಪನಿಗೆ ನೇರ ಮಾತಾಡಿದಳು.

"ಪಪ್ಪಾ, ತುಮ್ಹೀ ಮುದ್ದಾಮ್ ಕರ್ತಾಯ್. ಬೇಕಂತಲೇ ಮಾಡ್ತಿದ್ದೀರಿ. ಇಷ್ಟು ವರ್ಷ ನಿಂತ ಮಾಡು ನನ್ನ ಮದುವೆಗೇ ಬೀಳ್ತದಾ?"

ಇವರು ಗಂಜಿಯ ಬಟ್ಟಲಿನಿಂದ ತಲೆ ಎತ್ತಿದರು. "ನನಗೆ ಮನಸ್ಸಿಲ್ಲ ಅಂತ ತೊಲೆ ಲಡ್ಡಾಗ್ತದಾ ಮಾರಾಯ್ತಿ? ಅದಕ್ಕೂ ಇದಕ್ಕೂ ಎಂಥ ಸಂಬಂಧ?"

"ಯಾರು ನಂಬ್ತಾರೆ?"

"ಯಾರೂ ನಂಬುವುದು ಬೇಡ. ನಾಳೆ ಬೆಳಿಗ್ಗೆ ನೀನು ಬಾ."

ಮರುದಿನ ಬೆಳಿಗ್ಗೆ ಮೂವರೂ ಹೋದೆವು. ಕೆಳಗೆ ಫಾದರ್, ಎಲ್‌ರಾಯ್, ಚರ್ಚಿನ ಕಮಿಟಿಯ ನಾಲ್ಕಾರು ಜನ ಕೈಕಟ್ಟಿ ನಿಂತಿದ್ದರು. ಗೋಡೆಗೆ ತಾಗಿ ಕಟ್ಟಿದ ಬಿದಿರಿನ ಅಟ್ಟಳಿಗೆ ಹತ್ತುವಾಗ ಅಪ್ಪ ಮುಂದೆ, ದುಪ್ಪಟ್ಟ ಸೊಂಟಕ್ಕೆ ಬಿಗಿದ ಮಗಳು ಹಿಂದೆ. ಇವರು ಒಂದು ಸ್ಕ್ರೂಡ್ರೈವರ್ ಅವಳ ಕೈಗೆ ಕೊಟ್ಟರು. "ಇಲ್ಲಿ ಒತ್ತು. ಜೋರು ಬೇಡ."

ಅವಳು ಒತ್ತಿದಳು. ಇಡ್ಲಿಗೆ ಬೆರಳು ಹೋದ ಹಾಗೆ ಅದು ಹಿಡಿಯವರೆಗೆ ಒಳಗೆ ಹೋಯಿತು. ಎಳೆದಾಗ ಕಪ್ಪು ಪುಡಿ ಉದುರಿ ಕೆಳಗಿನ ಬೆಂಚಿನ ಮೇಲೆ ಬಿತ್ತು.

ಅವಳು ಅಲ್ಲಿಯೇ ಅಟ್ಟಳಿಗೆಯ ಹಲಗೆಯ ಮೇಲೆ ಕೂತುಬಿಟ್ಟಳು. "ಸಾರಿ ಪಪ್ಪಾ. ಚರ್ಚ್ ಬೇಡ. ಹಾಲ್‌ನಲ್ಲೇ ಮಾಡೋಣ" ಎಂದಳು.

ಇವರಿಗೆ ಬೇಕಾದದ್ದು ಅದೇ ಅಲ್ಲವೇ? ಸಂಕ್ರಾಂತಿಯಿಂದ ಮುಖ ಗಂಟು ಹಾಕಿಕೊಂಡು ಕೂತದ್ದು ಈ ಒಂದು ಮಾತಿಗಾಗಿ. ಹೂಂ ಎಂದರೆ ಮುಗಿಯಿತು. ನಾನು ಕೆಳಗಿನಿಂದ ಕತ್ತು ನೋಯುವಷ್ಟು ಹೊತ್ತು ನೋಡುತ್ತಾ ನಿಂತೆ. ಇವರು ಮಗಳನ್ನು ನೋಡಲಿಲ್ಲ, ತೊಲೆಯನ್ನೇ ನೋಡುತ್ತಿದ್ದರು.

"ಬೇಡ ಅಂತ ನಾನು ಹೇಳಿದೆನಾ?" ಎಂದರು ಕೊನೆಗೆ. "ಕೆಳಗಿನಿಂದ ಕಬ್ಬಿಣದ ಕಂಬ ಕೊಟ್ಟರೆ ನಿಲ್ತದೆ. ಮಳೆಗೆ ಮೊದಲು ಆಗ್ತದಾ, ಅದೇ ಪ್ರಶ್ನೆ."

ಆಗಿನಿಂದ ಶುರುವಾಯಿತು ನಮ್ಮ ಮನೆಯ ಓಟ. ಕಳಂಬೋಲಿಯ ಕಬ್ಬಿಣದ ಬಜಾರಿಗೆ ಇವರೇ ಹೋಗಿ ಬಿಸಿಲಲ್ಲಿ ಬಿದ್ದ ಗರ್ಡರುಗಳನ್ನು ಬಡಿದು ನೋಡಿ ಆರಿಸಿದರು. ಕಂಬದ ಬುಡಕ್ಕೆ ನೆಲ ಅಗೆದರೆ ಅಲ್ಲಿ ಹಳೇ ಪಾಯದ ಕಲ್ಲು ಅಡ್ಡ ಬಂತು. ಅದನ್ನು ಬಿಟ್ಟು ಪಕ್ಕಕ್ಕೆ ಅಗೆದು ಕಾಂಕ್ರೀಟ್ ಹಾಕಿದರು. ಅದು ಗಟ್ಟಿಯಾಗುವವರೆಗೆ ಕಂಬ ನಿಲ್ಲಿಸುವಂತಿಲ್ಲ. ಅಷ್ಟರಲ್ಲಿ ಮಳೆ ಬಂದೇ ಬಂತು, ಆ ವರ್ಷ ಬೇಗ. ಠಾಕುರ್ಲಿಯಲ್ಲಿ ಗುಡುಗಿದರೆ ಇವರು ಕಿಟಕಿಗೆ ಓಡುತ್ತಿದ್ದರು, ಕೂಡಲೇ ಫೋನು: "ಫಾದರ್, ಮೇಲಿಂದ ಏನಾದರೂ ಶಬ್ದ ಉಂಟಾ?"

ಒಂದು ಭಾನುವಾರ ಬೆಳಿಗ್ಗೆಯ ಪೂಜೆಯ ನಡುವೆ ಶಬ್ದ ಬಂತು. ಪಟಾಕಿ ಸಿಡಿದ ಹಾಗೆ ಒಂದು ಲಟಕ್, ಹಿಂದೆಯೇ ಗಾರೆಯ ಹೆಂಟೆಯೂ ನಾಲ್ಕಾರು ಹಂಚುಗಳೂ ಅಟ್ಟದ ಮೇಲೆ, ಬರಿದಾಗಿದ್ದ ಬೆಂಚುಗಳ ಮೇಲೆ ಬಿದ್ದವು. ಹಗ್ಗ ಕಟ್ಟಿದ್ದರಿಂದ ಅಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಹಾಡುವವರು ಎಂದಿನಂತೆ ಮೇಲೆ ನಿಂತಿದ್ದರೆ ಎಂದು ಈಗಲೂ ನೆನೆಯುತ್ತೇನೆ. ಆ ದಿನದ ನಂತರ ಕಮಿಟಿಯವರು ಇವರ ಎದುರು ಅನುಮಾನದಿಂದ ಕೈಕಟ್ಟಿ ನಿಲ್ಲುವುದನ್ನು ಬಿಟ್ಟರು. ಭಿವಂಡಿಯ ಗೋದಾಮಿನಿಂದ ತಾಡಪಾಲು ತಂದು ಮಾಡಿಗೆ ಹೊದಿಸಿದ್ದು ಅವರೇ.

ಅಷ್ಟರಲ್ಲಿ ಇನ್ನೊಂದು ಎಡವಟ್ಟು. ತೊಲೆಯ ಬೇರೆಲ್ಲ ಕಡೆ ಗಟ್ಟಿ ಇರುವಾಗ ಆ ತುದಿ ಮಾತ್ರ ಯಾಕೆ ಹೀಗಾಯಿತು ಎಂದು ಆಜಿ ಕೇಳಿದರು. ಹೇಳಬೇಡಿ ಎಂದು ಫಾದರ್ ಕಣ್ಸನ್ನೆ ಮಾಡಿದರು. ನಾನು ಇವರ ಅಂಗಿ ಎಳೆದೆ. ಇವರಿಗೆ ಅದೆಲ್ಲ ಎಲ್ಲಿ ತಿಳಿಯುತ್ತದೆ! "ಆಜಿ, ಮೊಳೆಗಳಿಂದ. ಒಡೆದ ಹಂಚಿನ ನೀರು ಒಂದೊಂದು ಮೊಳೆಯ ತೂತಿನಿಂದ ಒಳಗೆ ಇಳಿದಿದೆ. ಇನ್ನು ಮೇಲೆ ಇಲ್ಲಿ ಯಾರೂ ಮೊಳೆ ಹೊಡೆಯುವ ಹಾಗಿಲ್ಲ. ನನ್ನ ಮಗಳ ಮದುವೆಗೂ ಇಲ್ಲ" ಎಂದುಬಿಟ್ಟರು.

ಆಜಿ ಜಪಮಣಿ ಮುಷ್ಟಿಯಲ್ಲಿ ಹಿಡಿದು ಎದ್ದು ಹೋದರು. ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ಎಲ್‌ರಾಯ್ ಬಂದು ತಲೆ ತಗ್ಗಿಸಿ ಹೇಳಿದ: "ಅಂಕಲ್, ಮೊಳೆ ಇಲ್ಲದಿದ್ದರೆ ಆಜಿ ಮದುವೆಗೆ ಬರುವುದಿಲ್ಲವಂತೆ. ನಮ್ಮ ಮದುವೆಗಳೇ ಚರ್ಚನ್ನು ತಿಂದವು ಅಂತ ನೀವು ಹೇಳಿದಿರಿ ಎಂದು ಅಳ್ತಾ ಕೂತಿದ್ದಾರೆ."

ಒಂದು ಮದುವೆಗೆ ಬಾರದವರು ಒಬ್ಬರು ಸಾಕಿತ್ತು, ಈಗ ಇಬ್ಬರಾದರು. ನಾನು ಇವರ ಮೇಲೆ ಹರಿಹಾಯ್ದೆ. "ನಿಮಗೆ ಕಲ್ಲು ಮರ ಗೊತ್ತು, ಮನುಷ್ಯರು ಗೊತ್ತಿಲ್ಲ. ಮುದುಕಿಯ ಹೊಟ್ಟೆ ಉರಿಸಿ ನಮ್ಮ ಮಗಳು ಆ ಮನೆಯಲ್ಲಿ ಬಾಳುವುದು ಹೇಗೆ?"

ಮಾರನೆಯ ದಿನ ಇಗರ್ಜಿಗೆ ಹೋದವರು ಅಟ್ಟಳಿಗೆ ಹತ್ತಿ ಆಜಿ ತೋರಿಸಿದ್ದ ಮೊಳೆಯನ್ನು ಹಿಡಿದರಂತೆ. ಇಕ್ಕಳ ಬೇಕೇ ಆಗಲಿಲ್ಲವಂತೆ, ಬೆರಳಿಗೇ ಬಂತಂತೆ. ಅದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ನನ್ನನ್ನೂ ಕರೆದುಕೊಂಡು ಆಜಿಯ ಮನೆಗೆ ನಡೆದರು. ಬೀಗರ ಮನೆಯ ಹೊಸ್ತಿಲು ಇವರು ತುಳಿದದ್ದು ಅದೇ ಮೊದಲು.

ಆಜಿ ಮುಖ ತಿರುಗಿಸಿಯೇ ಕೂತಿದ್ದರು. ಇವರು ಕುರ್ಚಿ ಬಿಟ್ಟು ಅವರ ಎದುರು ನೆಲದ ಮೇಲೆ ಕೂತರು. ತಮ್ಮ ಮುರುಕು ಮರಾಠಿಯಲ್ಲಿ, "ಕಿತ್ತದ್ದಲ್ಲ ಆಜಿ, ಅದಾಗಿಯೇ ಕೈಗೆ ಬಂತು" ಎಂದು ಕರವಸ್ತ್ರ ಬಿಚ್ಚಿದರು. "ಮರ ಇದನ್ನು ಹಿಡಿದುಕೊಳ್ಳುವುದಿಲ್ಲ. ಕಂಬ ಹಿಡಿದುಕೊಳ್ತದೆ. ನೀವು ಕೊಟ್ಟರೆ ಇದನ್ನೇ ಬಗ್ಗಿಸಿ ಕಂಬಕ್ಕೆ ಬೆಸುಗೆ ಹಾಕಿಸ್ತೇನೆ. ನನ್ನ ಮಗಳ ತೋರಣ ನಿಮ್ಮ ಮೊಳೆಗೆ ತೂಗಲಿ. ಅವಳ ಹಿಂದೆ ಬರುವವರದ್ದೂ."

ಆಜಿ ಮೊಳೆಯನ್ನು ಅಂಗೈಯಲ್ಲಿಟ್ಟು ಹೆಬ್ಬೆರಳಿನಿಂದ ಒರೆಸಿದರು. ತುಕ್ಕು ಅವರ ಬೆರಳಿಗೆ ಹತ್ತಿತು. ಇನ್ನೊಬ್ಬರ ಮೊಳೆಗೆ ತೂಗುವಂತಿಲ್ಲ ಎಂಬ ನಿಯಮ ಅವರೇ ಹೇಳಿದ್ದಲ್ಲವೇ, ಈಗ ಏನು ಹೇಳುತ್ತಾರೋ ಎಂದು ಅವರ ಬಾಯಿಯನ್ನೇ ನೋಡಿದೆ.

"ನನ್ನ ಗಂಡನ ಸೋದರಮಾವ ಹೊಡೆದದ್ದು ಇದು" ಎಂದರು. ಮೊಳೆಯಿಂದ ಕಣ್ಣೆತ್ತಿ, "ನೀವು ಬರ್ತೀರಾ ಮದುವೆಗೆ?" ಎಂದು ಕೇಳಿದರು.

ಇವರು "ಕಂಬ ನೋಡಬೇಕಲ್ಲ. ಬರ್ತೇನೆ" ಎಂದರು. ಹಾಗಾದರೆ ಬೆಸುಗೆ ಹಾಕಿಸಿ ಎಂದು ಆಜಿ ಮೊಳೆ ವಾಪಸು ಕೊಟ್ಟರು.

ಕಾಂಕ್ರೀಟ್ ಗಟ್ಟಿಯಾಗಿ ಕಂಬ ನಿಂತಾಗ ಮದುವೆ ಎದುರಿಗೇ ಇತ್ತು. ಪಾಲಿಕೆಯವರು ಬಂದು ನೋಡಿ ಒಪ್ಪಿದ ಮೇಲೂ ಇವರಿಗೆ ಸಮಾಧಾನವಿಲ್ಲ. ಮದುವೆಯ ದಿನ ಮೊದಲ ಲೋಕಲ್ ರೈಲು ಹಿಡಿದು ಒಬ್ಬರೇ ಹೊರಟುಹೋದರು. ನಾನು ಇವರ ಜರಿ ಪಂಚೆಯನ್ನು ಚೀಲದಲ್ಲಿ ಹಾಕಿಕೊಂಡು ಹಿಂದಿನಿಂದ ಹೋದೆ. ಉಡುತ್ತಾರೋ ಇಲ್ಲವೋ, ನನಗೆ ಗೊತ್ತಿರಲಿಲ್ಲ.

ಸಂಜೆ ಹೊರಗೆ ಜಡಿಮಳೆ. ನಮ್ಮ ಮಾವಿನ ಎಲೆ, ಅವರ ಹೂ ಸೇರಿದ ತೋರಣ ಆಜಿಯ ಮೊಳೆಯಿಂದ ಹೊರಟು ಎದುರು ಗೋಡೆಯ ಹಳೇ ದೀಪದ ಕೊಕ್ಕೆಯವರೆಗೆ ತೂಗುತ್ತಿತ್ತು. ಇವರು ಪಂಚೆ ಉಟ್ಟು ಕಂಬಕ್ಕೆ ಅಂಗೈ ಒತ್ತಿ ನಿಂತಿದ್ದರು, ಜ್ವರ ನೋಡುವವರ ಹಾಗೆ. ಮಳೆ ಜೋರಾದಾಗೆಲ್ಲ ಕಣ್ಣು ಮೇಲಕ್ಕೆ. ಹೆಣ್ಣಿನ ಅಪ್ಪ ಮಗಳ ಕೈಹಿಡಿದು ಮುಂದಿನವರೆಗೆ ನಡೆಸಿಕೊಂಡು ಹೋಗುವುದು ಅವರ ಕ್ರಮ. ಇವರು ಒಪ್ಪದಿದ್ದರೆ ಎಂದು ನನ್ನ ತಮ್ಮನನ್ನು ಸಿದ್ಧಮಾಡಿ ನಿಲ್ಲಿಸಿದ್ದೆವು.

ಬಾಗಿಲಲ್ಲಿ ಸ್ಮಿತಾ ಬಂದಳು. ನನ್ನದೇ ಮದುವೆಯ ಧಾರೆ ಸೀರೆ, ತಲೆಯ ಮೇಲೆ ಅವರ ಮನೆಯ ಬಿಳಿ ಜಾಳಿಗೆಯ ಮುಸುಕು. ನನ್ನ ತಮ್ಮ ಕೈ ಚಾಚಿದ. ಅವಳು ಅವನನ್ನು ದಾಟಿ ಕಂಬದ ಹತ್ತಿರ ಬಂದು ನಿಂತಳು. ವಾದ್ಯದವರು ಒಂದೇ ಸಾಲನ್ನು ಎರಡೆರಡು ಸಲ ನುಡಿಸಿದರು. ಜನ ಕತ್ತು ತಿರುಗಿಸಿದರು. ಇವರು ಒಮ್ಮೆ ಮೇಲೆ ನೋಡಿದರು, ಒಮ್ಮೆ ಅವಳನ್ನು ನೋಡಿದರು. ಆಮೇಲೆ ಕಂಬದಿಂದ ಕೈ ತೆಗೆದು ಪಂಚೆಗೆ ಒರೆಸಿಕೊಂಡು ಅವಳ ಕೈ ಹಿಡಿದರು. ಅವರಿಬ್ಬರೂ ನಡೆದುಹೋದದ್ದು ನನಗೆ ಸರಿಯಾಗಿ ಕಾಣಲಿಲ್ಲ, ಕಣ್ಣು ತುಂಬಿತ್ತು.

ಆ ಮದುವೆಯ ಫೋಟೋಗಳಲ್ಲಿ ಒಂದರಲ್ಲಿಯೂ ನಮ್ಮವರು ವಧೂವರರನ್ನು ನೋಡುತ್ತಿಲ್ಲ. ಎಲ್ಲದರಲ್ಲೂ ಗಲ್ಲ ಎತ್ತಿ ಮಾಡು ನೋಡುತ್ತಿದ್ದಾರೆ. ಊರಿನ ನೆಂಟರು ಆಲ್ಬಮ್ ತಿರುವಿ, "ರಾಯರು ಏನು ಭಕ್ತಿಯಿಂದ ಪ್ರಾರ್ಥನೆ ಮಾಡ್ತಿದ್ದಾರೆ!" ಎನ್ನುತ್ತಾರೆ. ನಾನು ಹೌದು ಎನ್ನುತ್ತೇನೆ.

ಮಳೆಗಾಲ ಮುಗಿದ ಮೇಲೆ ತೊಲೆಗೆ ಹೊಸ ಸಾಗುವಾನಿ ಜೋಡಿಸಿದರು. ಇನ್ನು ಕಂಬ ತೆಗೆಯಬಹುದು ಎಂದು ಇವರು ಬರೆದುಕೊಟ್ಟರು. ಊರವರು ತೆಗೆಯಲು ಬಿಡಲಿಲ್ಲ, ತೋರಣ ಎಲ್ಲಿ ತೂಗುವುದು ಎಂದು ಜಗಳವಾಡಿದರು. ಕೆಲಸವಿಲ್ಲದ ಕಂಬ ಎಂದು ಇವರು ಆಗಾಗ ಗೊಣಗುತ್ತಾರೆ.

ಕಳೆದ ವಾರ ಆ ಮೊಳೆಯಲ್ಲಿ ತೂಗುತ್ತಿದ್ದದ್ದು ಎಲ್‌ರಾಯ್‌ನ ತಂಗಿಯ ತೋರಣ. ಆಜಿ ಈಗಿಲ್ಲ. ಅವರು ಕೂರುತ್ತಿದ್ದ ಮುಂದಿನ ಬೆಂಚಿನಲ್ಲಿ ನಮ್ಮನ್ನು ಕೂರಿಸಿದ್ದರು. ಹೊರಗೆ ಇದ್ದಕ್ಕಿದ್ದ ಹಾಗೆ ಮಳೆ ರಪರಪನೆ ಹೊಡೆಯಿತು. ಫಾದರ್ ಪ್ರಾರ್ಥಿಸೋಣ ಎಂದರು, ಎಲ್ಲರೂ ತಲೆ ಬಾಗಿಸಿ ಕಣ್ಣು ಮುಚ್ಚಿದರು. ನಾನು ಮೆಲ್ಲಗೆ ಒಂದು ಕಣ್ಣು ತೆರೆದು ಪಕ್ಕಕ್ಕೆ ನೋಡಿದೆ. ನಿರೀಕ್ಷಿಸಿದ ಹಾಗೆ ನಮ್ಮವರ ಗಲ್ಲ ಮೇಲಕ್ಕಿತ್ತು. ಅವರಾಚೆ ಕೂತ ಸ್ಮಿತಾಳದ್ದೂ.